ಮೆಕ್ಕೆಜೋಳಕ್ಕೆ ಹುಳ ಬಿದ್ದಿದೆ: ಔಷಧಿ ಹೊಡೆಯೋದಾ, ಪುಡಿ ಕಲಸೋದಾ, ಗ್ಯಾಸ್ ಮಾತ್ರೆನಾ?

ಸ್ಟೋರ್ ರೂಮಲ್ಲಿ ಮೆಕ್ಕೆಜೋಳದ ಚೀಲಗಳಿವೆ, ಜೊತೆಗೆ ಒಂದಿಷ್ಟು ಅಲಸಂದೆ. ಹೊಲಿಗೆ ಹತ್ರ ಸಣ್ಣ ಕಂದು ಹುಳ ಓಡಾಡ್ತಿವೆ, ಚೀಲ ಎತ್ತಿದ್ರೆ ಕೆಳಗೆ ಹಿಟ್ಟು. ಗೋಡೆಗೆ, ಚೀಲದ ಮೇಲೆ ಮಾಲಾಥಿಯಾನ್ ಅನ್ನೋ ಕೀಟನಾಶಕ ಹೊಡೆಸಿದ್ವಿ, ಸ್ವಲ್ಪ ದಿನ ಕಾಣ್ಲಿಲ್ಲ, ಮತ್ತೆ ಬಂದ್ವು. ಒಬ್ರು ಪುಡಿ ಕಲಸಿ ಅಂತಾರೆ, ಇನ್ನೊಬ್ರು ಗ್ಯಾಸ್ ಮಾತ್ರೆ ಹಾಕಿ ಅಂತಾರೆ. ತಿನ್ನೋ ಕಾಳು ಇದು. ಅನುಭವ ಇರೋರು ಹೇಳಿ.

—

ಸರ್ ಔಷಧಿ ಕೆಲಸ ಮಾಡಿದೆ, ಆದ್ರೆ ಹೊರಗೆ ಓಡಾಡೋ ಹುಳಕ್ಕೆ ಮಾತ್ರ. ಒಂದು ಹಿಡಿ ಕಾಳು ನೀರಿಗೆ ಹಾಕಿ, ತೇಲೋದನ್ನ ತೆಗೆದು ಬ್ಲೇಡಲ್ಲಿ ಸೀಳಿ ನೋಡಿ. ಒಳಗೆ ಬೆಳ್ಳಗೆ, ಕಾಲಿಲ್ಲದ, ದಪ್ಪ ಮರಿಹುಳ ಮಡಚಿಕೊಂಡು ಕೂತಿರತ್ತೆ. ಸೊಂಡಿಲು ಹುಳದ ಹೆಣ್ಣು ಕಾಳಿಗೆ ತೂತು ಕೊರೆದು ಮೊಟ್ಟೆ ಇಟ್ಟು ಮೇಲೆ ಅಂಟು ಹಚ್ಚಿ ಮುಚ್ಚಿಬಿಡತ್ತೆ, ಮರಿ ಒಳಗೇ ತಿಂದು ಬೆಳೆದು ಸೆಕೆಗಾಲದಲ್ಲಾದ್ರೆ ಸುಮಾರು ಒಂದು ತಿಂಗಳಿಗೆ ತೂತು ಮಾಡ್ಕೊಂಡು ಹೊರಗೆ ಬರತ್ತೆ. ನೀವು ಹೊಡೆದ ದಿನ ಅದು ಕಾಳಿನೊಳಗೆ ಸುಖವಾಗಿತ್ತು ಅಷ್ಟೆ.

—

ಇನ್ನೊಂದು ಕಾರಣ ಸಿಮೆಂಟ್ ಗೋಡೆ. ಸಿಮೆಂಟಲ್ಲಿ ಸುಣ್ಣದ ಕ್ಷಾರ ಇರೋದ್ರಿಂದ ಮಾಲಾಥಿಯಾನ್ ಬೇಗ ಕಳೆದುಹೋಗತ್ತೆ. ಗೋದಾಮಲ್ಲಿ 50 ಇಸಿ (ನೀರಿಗೆ ಬೆರೆಸೋ 50 ಪರ್ಸೆಂಟ್ ದ್ರವ) ಆದ್ರೆ ಲೀಟರ್ ನೀರಿಗೆ 10 ಎಂಎಲ್, 100 ಚದರ ಮೀಟರಿಗೆ ಅಂಥ 3 ಲೀಟರ್ ದ್ರಾವಣ, ಅದೂ ಹದಿನೈದು ದಿನಕ್ಕೊಮ್ಮೆ ಹೊಡೀತಾರೆ. ನೀರಿಗೆ ಕಲಸಿ ಗೋಡೆಗೆ ಹೊಡೆಯೋ ಡೆಲ್ಟಾಮೆಥ್ರಿನ್ ಪುಡಿ ಜಾಸ್ತಿ ದಿನ ಬರತ್ತೆ, ಸುಮಾರು ಮೂರು ತಿಂಗಳು. ಆದ್ರೆ ಇದೆಲ್ಲ ರೂಮು ಖಾಲಿ ಇದ್ದಾಗ ಗುಡಿಸಿ, ಬಿರುಕಿನ ಹಳೇ ಹಿಟ್ಟು ಕೆರೆದು ತೆಗೆದು ಹೊಡೆಯೋದು, ತುಂಬಿದ ರೂಮಿಗೆ ಹೊಡೆದು ಏನು ಪ್ರಯೋಜನ?

—

ಪುಡಿ ಬಗ್ಗೆ ನಾನು ಹೇಳ್ತೀನಿ. ತಿನ್ನೋ ಕಾಳಿಗೆ ಕಲಸೋಕೆ ಅಂತಲೇ ಲೇಬಲ್‌ನಲ್ಲಿ ಬರೆದಿರೋ ಪುಡಿ ಮಾತ್ರ, ಅದೂ ಅಲ್ಲಿ ಹೇಳಿದಷ್ಟೇ. ಹೊಲಕ್ಕೆ ಎರಚೋ ಪುಡಿ ಉಳಿದಿದೆ ಅಂತ ಕಾಳಿಗೆ ಹಾಕೋರನ್ನ ಕಂಡಿದೀನಿ, ದಯವಿಟ್ಟು ಬೇಡ. ಬಿತ್ತನೆ ಬೀಜಕ್ಕೆ ಹಾಕೋದು ಬೇರೆ, ಆ ಬೀಜ ಆಮೇಲೆ ತಿನ್ನೋಕಾಗಲ್ಲ, ದನಕ್ಕೂ ಹಾಕಬಾರ್ದು. ಮೊದಲು ಯಾವ ಹುಳ ಅಂತ ನೋಡಿ. ಮೂತಿ ಉದ್ದ ಇದ್ರೆ ಸೊಂಡಿಲು ಹುಳ, ಪಿರಿಮಿಫಾಸ್ ಮೀಥೈಲ್ ಥರದ ಕೀಟನಾಶಕಕ್ಕೆ ಸಾಯತ್ತೆ. ಮೇಲಿಂದ ನೋಡಿದ್ರೆ ತಲೆ ಕಾಣದಂತೆ ಕೆಳಗೆ ಬಾಗಿರೋ ದುಂಡನೆ ಉದ್ದ ಹುಳ ಆದ್ರೆ ಅದು ಕಾಳು ಕೊರೆಯೋ ಹುಳ, ಅದು ಆ ಗುಂಪಿನ ಔಷಧಿಗೆ ಅಷ್ಟಾಗಿ ಬಗ್ಗಲ್ಲ, ಪರ್ಮೆಥ್ರಿನ್ ಡೆಲ್ಟಾಮೆಥ್ರಿನ್ ಗುಂಪಿಗೇ ಬಗ್ಗೋದು. ಅದಕ್ಕೇ ಎರಡೂ ಸೇರಿಸಿದ ಪುಡಿ ಬಂದಿರೋದು. ಆದ್ರೂ ಪುಡಿ ಹುಳ ಬೀಳೋ ಮುಂಚೆ ಕಲಸೋ ವಸ್ತು, ಈಗ ಕಲಸಿದ್ರೆ ಒಳಗಿನ ಮರಿ ಹೊರಗೆ ಬಂದ ಮೇಲೇ ಸಾಯೋದು, ಅಷ್ಟರಲ್ಲಿ ಕಾಳು ಟೊಳ್ಳು.

—

ಗ್ಯಾಸ್ ಮಾತ್ರೆ ಅಂದವರು ಯಾರೋ ಗೊತ್ತಿಲ್ಲ, ಜನ ಮಲಗೋ ಕಟ್ಟಡದಲ್ಲಿ ಅದನ್ನ ಮುಟ್ಟಲೇಬೇಡಿ ಸರ್!! ಅದು ಅಲ್ಯೂಮಿನಿಯಂ ಫಾಸ್ಫೈಡ್, ಗಾಳಿಯ ತೇವ ತಾಗಿದ್ರೆ ಫಾಸ್ಫೀನ್ ಬಿಡತ್ತೆ, 3 ಗ್ರಾಂ ಮಾತ್ರೆಗೆ 1 ಗ್ರಾಂ ಗ್ಯಾಸ್. ಅದಕ್ಕೆ ಪ್ರತಿವಿಷ ಇಲ್ಲ. ಬೆಳ್ಳುಳ್ಳಿ ವಾಸನೆ ಬರತ್ತಲ್ಲ ಗೊತ್ತಾಗತ್ತೆ ಅಂತಾರೆ, ವಾಸನೆ ನಂಬ್ಕೊಂಡು ಕೂರೋಕಾಗಲ್ಲ, ಗೋಡೆ ಬಿರುಕು, ಬಾಗಿಲ ಸಂದಿಯಿಂದ ಪಕ್ಕದ ರೂಮಿಗೆ ಹೋಗಿ ಮಲಗಿದ್ದೋರು ಸತ್ತಿರೋ ಪ್ರಕರಣಗಳಿವೆ.

—

ಗೋದಾಮಲ್ಲಿ ಕೆಲಸ ಮಾಡೋನು, ಮೇಲಿನವರ ಮಾತಿಗೆ ಸೇರಿಸ್ತೀನಿ. ಕಾಳಿನೊಳಗಿನ ಮೊಟ್ಟೆ, ಕೋಶ (ಮರಿ ಹುಳವಾಗೋ ಮುಂಚಿನ ಹಂತ) ಎಲ್ಲಾ ಸಾಯಿಸೋದು ಗ್ಯಾಸೇ, ನಿಜ. ಆದ್ರೆ ಒಟ್ಟಿದ ಚೀಲಗಳಿಗೆ ಗ್ಯಾಸ್ ನಿಲ್ಲೋ ಶೀಟ್ ಹೊದಿಸಿ ಅಂಚಿಗೆ ಉದ್ದಕ್ಕೂ ಮರಳು ಚೀಲ ಇಟ್ಟು ವಾರದ ಮೇಲೆ ಬಿಗಿಯಾಗಿರಬೇಕು, ಮಾಸ್ಕ್, ಗ್ಯಾಸ್ ಅಳೆಯೋ ಮೀಟರ್ ಇರೋ ಲೈಸೆನ್ಸ್‌ದಾರರು ಮಾಡಬೇಕು. ಸೋರಿದ್ರೆ ಅರ್ಧಂಬರ್ಧ ಡೋಸಿಗೆ ಉಳಿದ ಹುಳದ ಸಂತಾನ ಮುಂದೆ ಗ್ಯಾಸಿಗೂ ಜಗ್ಗಲ್ಲ, ಇದು 1970ರ ದಶಕದ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆ) ಸರ್ವೆಯಲ್ಲೇ ಕಂಡಿತ್ತು. ಮತ್ತೆ ಶೀಟ್ ತೆಗೆದ ಮೇಲೆ ಗ್ಯಾಸಿಂದ ಯಾವ ರಕ್ಷಣೆನೂ ಇಲ್ಲ, ಪಕ್ಕದ ಚೀಲದ ಹುಳ ಅವತ್ತೇ ವಾಪಸ್ ಬರಬಹುದು.

—

ನಿಮ್ಮಷ್ಟು ಕಾಳಿಗೆ ಔಷಧಿನೇ ಬೇಕಾ ಅನ್ನೋದು ನನ್ನ ಪ್ರಶ್ನೆ. ಜರಡಿ ಹಿಡಿದು ಹುಳ, ಹಿಟ್ಟು ತೆಗೆದು ಚೆನ್ನಾಗಿ ಒಣಗಿಸಿ, ತೇವ 12 ಪರ್ಸೆಂಟ್‌ಗಿಂತ ಕೆಳಗಿರಲಿ. ತೇವ ಅಳೆಯೋ ಮೀಟರ್ ಇಲ್ಲಾಂದ್ರೆ ಒಣ ಗಾಜಿನ ಬಾಟ್ಲಿಗೆ ಕಾಳು, ಒಣ ಉಪ್ಪು ಹಾಕಿ ಕುಲುಕಿ ಸ್ವಲ್ಪ ಹೊತ್ತು ಬಿಡಿ, ಉಪ್ಪು ಗಾಜಿಗೆ ಅಂಟಿದ್ರೆ 15ಕ್ಕಿಂತ ಜಾಸ್ತಿ ಇದೆ, ಅಂಟದಿದ್ರೂ ಇನ್ನೂ ಒಂದೆರಡು ಬಿಸಿಲು ಕೊಡಿ. ಆಮೇಲೆ ಗಾಳಿಯಾಡದ ಒಳಪದರ ಇರೋ ಚೀಲಕ್ಕೆ ತುಂಬಿ ಗಾಳಿ ಹಿಂಡಿ ಬಾಯಿ ಬಿಗಿಯಾಗಿ ಕಟ್ಟಿ. ಒಳಗಿನ ಹುಳ ಉಸಿರಾಡಿ ಆಮ್ಲಜನಕ ಖಾಲಿ ಮಾಡಿ ತಾನೇ ಸಾಯತ್ತೆ. ನಡುವೆ ಪದೇಪದೇ ಬಿಚ್ಚಿ ನೋಡಬೇಡಿ, ಅದೇ ಕೆಡಿಸೋದು. ಅಲಸಂದೆಗೆ ಹುಳ ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟು ಬಂದಿರತ್ತೆ, ಸ್ವಲ್ಪನೇ ಇದ್ರೆ ಫ್ರೀಜರಲ್ಲಿ ವಾರ ಇಟ್ಟು ಡಬ್ಬಿಗೆ ಹಾಕಿ.

—

ಎಲ್ರಿಗೂ ಥ್ಯಾಂಕ್ಸ್. ಗ್ಯಾಸ್ ಕೈಬಿಟ್ಟೆ. ಔಷಧಿ ಹೊಡೆದ ಹಳೇ ಗೋಣಿಚೀಲ ಮತ್ತೆ ಬಳಸಬಹುದಾ?

—

ತಿನ್ನೋ ಕಾಳಿಗೆ ಬೇಡ ಸರ್. ಹೊಲಿಗೆ ಸಂದಿಯಲ್ಲಿ ಹುಳನೂ ಉಳಿದಿರತ್ತೆ. ರೂಮಿಂದ ದೂರ ಹಾಕಿ, ಹೊಸ ಚೀಲ ಹಲಗೆ ಮೇಲಿಡಿ, ಗೋಡೆಯಿಂದ ಸ್ವಲ್ಪ ದೂರ ಇರಲಿ, ಹಿಂದೆ ಹಿಟ್ಟು ಉದುರಿದ್ರೆ ಕಾಣತ್ತೆ.