ಯೂಲ್ ಲಾಗ್ ಕೇಕ್ ಸುತ್ತುವಾಗ ಬಿರುಕು ಬಿಡುತ್ತಿದೆ, ಮತ್ತೆ ಇದು ಕೊರಡಿನ ಆಕಾರದಲ್ಲೇ ಯಾಕೆ?

ಹಿಟ್ಟುಸಕ್ಕರೆ:
ಎಲ್ಲರಿಗೂ ನಮಸ್ಕಾರ. ಈ ಕ್ರಿಸ್‌ಮಸ್‌ಗೆ ಯೂಲ್ ಲಾಗ್ ಮಾಡಲೇಬೇಕು ಅಂತ ಪಟ್ಟು ಹಿಡಿದಿದ್ದೇನೆ. ಎರಡು ಸಲ ಮಾಡಿ ನೋಡಿದೆ, ಎರಡು ಸಲವೂ ಸ್ಪಂಜ್ ಸುತ್ತುವಾಗ ಬಿರುಕು ಬಿಟ್ಟಿತು, ಮೊದಲನೆಯದಂತೂ ಮೂರು ತುಂಡಾಗಿ ಕೈಗೆ ಬಂತು. ನನ್ನ ಅಳತೆ: 4 ಮೊಟ್ಟೆ, 100 ಗ್ರಾಂ ಸಕ್ಕರೆ, 75 ಗ್ರಾಂ ಮೈದಾ, 25 ಗ್ರಾಂ ಕೋಕೋ. 180 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿದೆ. ಪೂರ್ತಿ ಆರಿದ ಮೇಲೆ ಕ್ರೀಮ್ ಸವರಿ ಸುತ್ತಿದೆ. ಎಲ್ಲಿ ತಪ್ಪುತ್ತಿದೆ ಹೇಳ್ತೀರಾ?

ಇನ್ನೊಂದು ಪ್ರಶ್ನೆ ಮಗಳದ್ದು. "ಅಮ್ಮ, ಹಬ್ಬದ ದಿನ ಸೌದೆ ತುಂಡಿನ ಥರ ಕೇಕ್ ಯಾಕೆ? ನಕ್ಷತ್ರ ಮಾಡಬಹುದಿತ್ತಲ್ಲ?" ಅಂದಳು. ಸುಮ್ನೆ ಏನೋ ಹೇಳಿ ಸಾಗಹಾಕಲು ಮನಸ್ಸು ಬರಲಿಲ್ಲ. ಗೊತ್ತಿರುವವರು ತಿಳಿಸಿ.

ಬಾಣಲೆಬಂಧು:
ಅಕ್ಕ, ಅಳತೆ ಸರಿಯಾಗಿದೆ. 20 ನಿಮಿಷ ಜಾಸ್ತಿ ಆಯಿತು ಅಷ್ಟೆ. ಇದು ತೆಳ್ಳಗೆ ಹರಡಿದ ಹಿಟ್ಟು, 180 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಸಾಕು. ಬೆರಳಿನಿಂದ ಮೆಲ್ಲಗೆ ಒತ್ತಿ, ತಗ್ಗು ಬೀಳದೆ ಮೇಲೆ ಬಂದರೆ ತಕ್ಷಣ ತೆಗೆಯಿರಿ. ಅಂಚು ಗರಿಗರಿ ಆಯಿತು ಅಂದರೆ ಒಳಗಿನ ತೇವ ಹೋಗಿದೆ ಅಂತಲೇ ಅರ್ಥ, ಆಮೇಲೆ ನೀವು ಎಷ್ಟು ನಾಜೂಕಾಗಿ ಸುತ್ತಿದರೂ ಒಡೆಯುತ್ತದೆ.

ಎರಡನೆಯದು, ಆರುವವರೆಗೆ ಕಾಯಬೇಡಿ. ಒಂದು ತೆಳು ಬಟ್ಟೆ ಹಾಸಿ, ಮೇಲೆ ಕೋಕೋ ಉದುರಿಸಿ, ಒಲೆಯಿಂದ ಬಂದ ಸ್ಪಂಜನ್ನು ಬಿಸಿಬಿಸಿ ಇರುವಾಗಲೇ ಅದರ ಮೇಲೆ ಬೋರಲು ಹಾಕಿ, ಬಟರ್ ಪೇಪರ್ ಬಿಡಿಸಿ, ಬಟ್ಟೆ ಸಮೇತ ಸುತ್ತಿಬಿಡಿ. ಹಾಗೇ ಆರಲಿ. ಬಿಸಿಯಲ್ಲಿ ಬಾಗಿದ್ದು ಆರಿದ ಮೇಲೂ ಆ ಬಾಗು ಮರೆಯುವುದಿಲ್ಲ. ಆಮೇಲೆ ಬಿಚ್ಚಿ, ಕ್ರೀಮ್ ಸವರಿ, ಮತ್ತೆ ಸುತ್ತಿ.

ಮೇಲಿನ ಗನಾಶ್‌ಗೆ 200 ಗ್ರಾಂ ಚಾಕೊಲೇಟ್, 200 ಗ್ರಾಂ ಕ್ರೀಮ್. ಚಮಚದಿಂದ ಜಾರದಷ್ಟು ಗಟ್ಟಿಯಾದ ಮೇಲೆ ಹಚ್ಚಿ. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಪಕ್ಕಕ್ಕೆ ಅಂಟಿಸಿದರೆ ಕಡಿದ ಕೊಂಬೆಯ ಮೋಟು ಸಿದ್ಧ. ಫೋರ್ಕ್‌ನಿಂದ ಉದ್ದುದ್ದ ಗೀರಿ, ತೊಗಟೆ ಆಗುತ್ತದೆ. ಸಣ್ಣ ಪುಟ್ಟ ಬಿರುಕು ಅದರ ಕೆಳಗೆ ಕಾಣುವುದೇ ಇಲ್ಲ.

ಕೊಳ್ಳಿಬೆಳಕು:
ನಿಮ್ಮ ಮಗಳ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಅವಳು ಕೇಳಿದ್ದು ಸರಿಯಾಗೇ ಇದೆ, ಅದು ಸೌದೆ ತುಂಡೇ!

ನಾನು ಕೆಲಸಕ್ಕೆ ಅಂತ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಎರಡು ವರ್ಷ ಇದ್ದೆ. ಪಕ್ಕದ ಮನೆಯವರು ಡಿಸೆಂಬರ್ 24ರ ರಾತ್ರಿ ಊಟಕ್ಕೆ ಕರೆದಿದ್ದರು. ಆ ರಾತ್ರಿ ಮನೆಯ ಅಗ್ಗಿಷ್ಟಿಕೆಯಲ್ಲಿ ಮರದ ಕೊರಡು ಸುಡುವ ಪದ್ಧತಿ ಇದೆ, ಅಲ್ಲಿ ಅದಕ್ಕೆ ಕಾಶೋ ಫಿಯೋ ಅನ್ನುತ್ತಾರೆ. ಹಣ್ಣಿನ ಮರದ ಕೊರಡೇ ಆಗಬೇಕು, ಅವರದ್ದು ಪೇರ್ ಮರದ್ದು. ಮನೆಯ ಅತಿ ಹಿರಿಯ ಅಜ್ಜ ಒಂದು ತುದಿ, ಅತಿ ಕಿರಿಯ ಮೊಮ್ಮಗ ಇನ್ನೊಂದು ತುದಿ ಹಿಡಿದು ಊಟದ ಮೇಜಿಗೆ ಮೂರು ಸುತ್ತು ಬಂದರು. ಮಗುವಿಗೆ ಐದು ವರ್ಷ ಇರಬೇಕು, ಅಜ್ಜ ಅವನ ಎತ್ತರಕ್ಕೆ ಬಗ್ಗಿಯೇ ನಡೆದರು. ಆಮೇಲೆ ಕುದಿಸಿದ ಸಿಹಿ ವೈನನ್ನು ಕೊರಡಿನ ಮೇಲೆ ಮೂರು ಸಲ ಸುರಿದು ಒಂದು ಮಾತು ಹೇಳಿದರು: ಬರುವ ವರ್ಷವನ್ನೂ ನೋಡುವ ಭಾಗ್ಯ ದೇವರು ಕೊಡಲಿ, ನಾವು ಹೆಚ್ಚಾಗದಿದ್ದರೂ ಕಡಿಮೆಯಾಗದಿರಲಿ. ಅಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತದು. ಅವತ್ತು ಮೇಜಿನ ಸುತ್ತ ಇದ್ದವರೆಲ್ಲ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಕೊರಡು ಬೆಂಕಿಗೆ ಹೋಯಿತು.

ಯುರೋಪಿನ ಬೇರೆ ಬೇರೆ ಕಡೆ ಇದೇ ಪದ್ಧತಿ ಬೇರೆ ಬೇರೆ ರೂಪದಲ್ಲಿತ್ತು. ಸರ್ಬಿಯಾದಲ್ಲಿ ಓಕ್ ಮರದ್ದು, ಹೆಸರು ಬಾದ್ನ್ಯಾಕ್. ಇಂಗ್ಲೆಂಡಿನಲ್ಲಿ ಸುಟ್ಟ ಕೊರಡಿನ ಒಂದು ಕೊಳ್ಳಿ ಉಳಿಸಿಟ್ಟು, ಮುಂದಿನ ವರ್ಷದ ಕೊರಡನ್ನು ಅದರಿಂದಲೇ ಹೊತ್ತಿಸುತ್ತಿದ್ದರು. ಹೀಗೆ ಒಂದು ವರ್ಷದ ಬೆಂಕಿ ಇನ್ನೊಂದು ವರ್ಷಕ್ಕೆ ದಾಟುತ್ತಿತ್ತು. ಎಷ್ಟು ಚೆನ್ನಾಗಿದೆ ಅಲ್ವಾ?

ಆಮೇಲೆ ಮನೆಗಳಲ್ಲಿ ದೊಡ್ಡ ಅಗ್ಗಿಷ್ಟಿಕೆಗಳು ಹೋಗಿ ಕಬ್ಬಿಣದ ಸ್ಟವ್ ಬಂತು. ಅದರ ಸಣ್ಣ ಬಾಯಿಗೆ ಇಡೀ ಕೊರಡು ಹಿಡಿಸಲು ಸಾಧ್ಯವಿಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಕೇಕ್ ಕುಶಲಕರ್ಮಿಗಳು ಕೊರಡನ್ನು ಸ್ಪಂಜ್ ಮತ್ತು ಬಟರ್‌ಕ್ರೀಮ್‌ನಲ್ಲಿ ಮಾಡತೊಡಗಿದರು. ಈ ಕೇಕ್‌ನ ಫ್ರೆಂಚ್ ಹೆಸರು ಬ್ಯೂಶ್ ದ ನೋಯೆಲ್, ಅಂದರೆ ಕ್ರಿಸ್‌ಮಸ್ ಕೊರಡು ಅಂತಲೇ. ಒಲೆಯಲ್ಲಿ ಜಾಗ ಸಿಗದ ಕೊರಡು ಊಟದ ಮೇಜಿಗೆ ಬಂತು ಅಂತ ಮಗಳಿಗೆ ಹೇಳಿ.

ಚಳಿಗಾಲ_ಪ್ರಿಯ:
ಒಳ್ಳೆ ಮಾಹಿತಿ. ಆದರೆ ಇದು ವೈಕಿಂಗ್‌ಗಳ ಕಾಲದಿಂದ ಬಂದದ್ದು ಅಂತ ಎಲ್ಲ ಕಡೆ ಓದಿದ್ದೇನೆ, ನೀವು ಅದನ್ನು ಹೇಳಲೇ ಇಲ್ಲ?

ಮತ್ತೆ ಒಂದು ವಿಷಯ ಸೇರಿಸುತ್ತೇನೆ. ನ್ಯೂಯಾರ್ಕ್‌ನ ಡಬ್ಲ್ಯೂಪಿಐಎಕ್ಸ್ ಟಿವಿ ಚಾನೆಲ್ 1966ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಜಾಹೀರಾತು ನಿಲ್ಲಿಸಿ, ಮೇಯರ್ ಅವರ ಅಧಿಕೃತ ನಿವಾಸದ ಅಗ್ಗಿಷ್ಟಿಕೆ ಉರಿಯುವುದನ್ನೇ ಹಬ್ಬದ ಹಾಡುಗಳ ಜೊತೆ ಗಂಟೆಗಟ್ಟಲೆ ತೋರಿಸಿತು. ಅಪಾರ್ಟ್‌ಮೆಂಟ್‌ಗಳಲ್ಲಿ ಬೆಂಕಿ ಹಾಕಲು ಜಾಗ ಇಲ್ಲದವರಿಗಾಗಿ ಮಾಡಿದ್ದು. ಜನ ಅದನ್ನು ಇಂದಿಗೂ ಹಾಕಿಕೊಂಡು ಕೂರುತ್ತಾರೆ.

ಕೊಳ್ಳಿಬೆಳಕು:
@ಚಳಿಗಾಲ_ಪ್ರಿಯ ಬೇಕಂತಲೇ ಬಿಟ್ಟೆ. ಉತ್ತರ ಯುರೋಪಿನಲ್ಲಿ ಯೂಲ್ ಎಂಬ ಚಳಿಗಾಲದ ಹಬ್ಬ ಕ್ರೈಸ್ತ ಧರ್ಮಕ್ಕಿಂತ ಮೊದಲೇ ಇತ್ತು, ಅದು ನಿಜ. ಆದರೆ ಆ ಹಬ್ಬದಲ್ಲಿ ಕೊರಡು ಸುಟ್ಟರು ಅನ್ನಲು ಆ ಕಾಲದ ಬರಹದ ಆಧಾರ ಇಲ್ಲ. ಜರ್ಮನಿಯ ಆಲೆನ್ ಊರಿನ 1184ರ ಒಂದು ದಾಖಲೆಯಲ್ಲಿ, ಪಾದ್ರಿಯ ಕ್ರಿಸ್‌ಮಸ್ ರಾತ್ರಿಯ ಬೆಂಕಿಗೆ ಒಂದು ಮರ ತರಿಸುವ ಮಾತಿದೆ. ಅಲ್ಲಿಂದ ಈಚೆಗೆ ಗಟ್ಟಿಯಾಗಿ ಹೇಳಬಹುದು.

ಹಿಟ್ಟುಸಕ್ಕರೆ:
ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಮೂರನೆಯದು ಮಾಡಿದೆ. 11 ನಿಮಿಷಕ್ಕೆ ತೆಗೆದು, ಬಿಸಿಯಲ್ಲೇ ಬಟ್ಟೆ ಸಮೇತ ಸುತ್ತಿದೆ. ಮೊದಲ ಮಡಿಕೆಯಲ್ಲಿ ಉಗುರಷ್ಟು ಬಿರುಕು ಬಂತು, ಅಷ್ಟೇ. ತೊಗಟೆಯ ಗೀರು ಪೂರ್ತಿ ಮಗಳದ್ದೇ, ಕತ್ತರಿಸಿದ ತುದಿಯಲ್ಲಿ ಮರದ ಉಂಗುರಗಳನ್ನೂ ಒಂದೊಂದಾಗಿ ಎಳೆದಳು. ಪ್ರೊವಾನ್ಸ್ ಕಥೆ ಕೇಳಿದ ಮೇಲೆ ಅವಳೇ ತೀರ್ಮಾನ ಮಾಡಿದ್ದಾಳೆ, 24ರ ರಾತ್ರಿ ಅಜ್ಜಿ ಒಂದು ಕಡೆ, ಅವಳು ಒಂದು ಕಡೆ ತಟ್ಟೆ ಹಿಡಿದು ಮೇಜಿಗೆ ಮೂರು ಸುತ್ತು ಅಂತೆ. ಅವತ್ತಿಗೆ ಹೊಸದಾಗಿ ಇನ್ನೊಂದು ಮಾಡುತ್ತೇನೆ. ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಟ್ಟರೆ ನಡೆಯುತ್ತದಾ?

ಬಾಣಲೆಬಂಧು:
ಧಾರಾಳವಾಗಿ ಇಡಿ ಅಕ್ಕ, ಒಂದು ರಾತ್ರಿ ಕಳೆದರೆ ಕ್ರೀಮ್ ಕೂತು ಚೆನ್ನಾಗಿ ಕತ್ತರಿಸಲು ಬರುತ್ತದೆ. ಚೆನ್ನಾಗಿ ಮುಚ್ಚಿಡಿ, ಬಡಿಸುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಹಿಮದ ಥರ ಐಸಿಂಗ್ ಶುಗರ್ ಉದುರಿಸುವುದಿದ್ದರೆ ಕೊನೇ ಗಳಿಗೆಯಲ್ಲಿ, ಅಂದರೆ ಆ ಮೂರು ಸುತ್ತಿಗೆ ಸ್ವಲ್ಪ ಮೊದಲು. ಫ್ರಿಜ್‌ನ ತೇವಕ್ಕೆ ಅದು ಕರಗಿ ಮಾಯವಾಗುತ್ತದೆ.