ಹಿಮ ನೋಡೋಕೆ, ಸ್ಕೀ ಕಲಿಯೋಕೆ ಯಾವಾಗ ಹೋದರೆ ಜನ ಕಡಿಮೆ? ದಾವಣಗೆರೆ ಕಡೆಯವರ ಅನುಭವಗಳು

ಕೇಳಿದವರು, ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಈ ಚಳಿಗಾಲದಲ್ಲಿ ಮಕ್ಕಳಿಗೆ ಹಿಮ ತೋರಿಸಬೇಕು, ಸಾಧ್ಯವಾದರೆ ಎರಡು ದಿನ ಸ್ಕೀ ಕಲಿಸಬೇಕು ಅಂತ ಆಸೆ. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಅತ್ತೆಯೂ ಬರುತ್ತಾರೆ, ಅವರಿಗೆ 66 ವರ್ಷ. ನಮ್ಮ ಮೈದುನನ ಮನೆಯವರು ಡಿಸೆಂಬರ್ ಕೊನೇ ವಾರ ಗುಲ್ಮಾರ್ಗ್‌ಗೆ ಹೋಗಿ, ಅರ್ಧ ದಿನ ಕ್ಯೂನಲ್ಲೇ ಕಳೆದು ಬಂದರು. ನಮಗೆ ಹಾಗಾಗಬಾರದು. ಗುಲ್ಮಾರ್ಗ್ ಆದರೂ ಸರಿ, ಮನಾಲಿ ಹತ್ತಿರದ ಸೋಲಂಗ್ ಆದರೂ ಸರಿ. ಯಾವ ವಾರ ಹೋದರೆ ಒಳ್ಳೆಯದು? ಶಾಲೆ ಜಾಸ್ತಿ ತಪ್ಪಬಾರದು. ಹೋಗಿ ಬಂದವರು ದಯವಿಟ್ಟು ಹೇಳಿ.

ಎಂ.ಸಿ.ಸಿ. ಬಿ ಬ್ಲಾಕ್‌ನಿಂದ

ಮೇಡಂ, ನಾವು ಗುಲ್ಮಾರ್ಗ್‌ಗೆ ಎರಡು ಸಲ ಹೋಗಿದ್ದೇವೆ. ಮೊದಲ ಸಲ ಡಿಸೆಂಬರ್ 27ಕ್ಕೆ, ಎರಡನೇ ಸಲ ಫೆಬ್ರವರಿ ಎರಡನೇ ವಾರ. ಎರಡೂ ಸಲ ನೋಡಿದ್ದು ಒಂದೇ ಜಾಗ ಅಂತ ನಂಬೋಕೇ ಆಗಲಿಲ್ಲ. ಡಿಸೆಂಬರ್‌ನಲ್ಲಿ ದುಗ್ಗಮ್ಮನ ಜಾತ್ರೆಯ ಹಾಗೆ ಜನ. ಫೆಬ್ರವರಿಯಲ್ಲಿ ಮಕ್ಕಳು ಬಿದ್ದು ಎದ್ದು ಆಡೋಕೆ ಬೇಕಾದಷ್ಟು ಜಾಗ ಇತ್ತು.

ಆದರೆ ತಿಂಗಳು ಬದಲಾಯಿಸಿದ್ದರಿಂದ ಆಗಿದ್ದು ಅರ್ಧ ಮಾತ್ರ. ಇನ್ನರ್ಧ ಆಗಿದ್ದು ನಾವು ರಾತ್ರಿ ಅಲ್ಲೇ ಉಳಿದುಕೊಂಡಿದ್ದರಿಂದ. ಹೆಚ್ಚಿನವರು ಶ್ರೀನಗರದಲ್ಲಿ ರೂಮು ಮಾಡಿ, ಬೆಳಿಗ್ಗೆ ತಿಂಡಿ ತಿಂದು ಹೊರಡುತ್ತಾರೆ. ದಾರಿ ಸುಮಾರು 50 ಕಿ.ಮೀ. ರಸ್ತೆ ಮೇಲೆ ಹಿಮ ಬಿದ್ದಿದ್ದರೆ ಟಂಗ್‌ಮಾರ್ಗ್‌ನಲ್ಲಿ ಗಾಡಿ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ 13 ಕಿ.ಮೀ. ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯಲ್ಲೇ ಹೋಗಬೇಕು. ಗಾಡಿ ಬದಲಾಯಿಸಿ, ಬೂಟು, ಕೋಟು ಬಾಡಿಗೆಗೆ ತಗೊಂಡು ಮೇಲೆ ಬರುವಷ್ಟರಲ್ಲಿ ಹನ್ನೊಂದು ಗಂಟೆ. ನಾಲ್ಕರ ಹೊತ್ತಿಗೆ ಮತ್ತೆ ಇಳಿಯೋಕೆ ಶುರು. ಅಂದರೆ ಗುಲ್ಮಾರ್ಗ್ ತುಂಬಿರುವುದು ಹನ್ನೊಂದರಿಂದ ನಾಲ್ಕರವರೆಗೆ. ಅಲ್ಲೇ ಮಲಗಿ ಎದ್ದವರಿಗೆ ಬೆಳಗಿನ ಹೊತ್ತು ಪೂರ್ತಿ ಸಿಗುತ್ತದೆ. ನಮ್ಮೂರಲ್ಲಿ ಭಾನುವಾರ ಹತ್ತು ಗಂಟೆಗೆ ಬೆಣ್ಣೆದೋಸೆ ತಿನ್ನೋಕೆ ಹೋದರೆ ಏನಾಗುತ್ತದೆ ಗೊತ್ತಲ್ವಾ? ಏಳಕ್ಕೆ ಹೋದವರು ಆರಾಮಾಗಿ ಕೂತು ತಿಂದು ಬರುತ್ತಾರೆ. ಇದೂ ಹಾಗೇ.

ಸ್ಕೀ ಕಲಿಯುವ ಮಕ್ಕಳಿಗಂತೂ ಇದು ಬಹಳ ಮುಖ್ಯ. ಹೊಸಬರಿಗೆ ಕಲಿಸುವುದು ಕೆಳಗಿನ ಸಣ್ಣ ಇಳಿಜಾರಿನಲ್ಲಿ. ಮಧ್ಯಾಹ್ನ ಅಲ್ಲೇ ಸ್ಲೆಡ್ಜ್ ಎಳೆಯುವವರು, ಫೋಟೋ ತೆಗೆಯುವವರು, ಅಡ್ಡಾಡುವವರು ಎಲ್ಲ ಸೇರುತ್ತಾರೆ. ಸ್ಕೀ ಕಟ್ಟಿಕೊಂಡ ಮಗುವಿಗೆ ನಿಲ್ಲೋಕೆ ಇನ್ನೂ ಬಂದಿರುವುದಿಲ್ಲ, ಅಡ್ಡ ಬಂದವರಿಗೆ ಗುದ್ದುತ್ತದೆ. ಕಲಿಸುವವರ ಹತ್ತಿರ ಹಿಂದಿನ ದಿನವೇ ಮಾತಾಡಿ, ಬೆಳಿಗ್ಗೆ ಎರಡು ಗಂಟೆ ಕಲಿಸಿ. ಮಧ್ಯಾಹ್ನ ರೂಮಿಗೆ ಬಂದು ಮಲಗಿಸಿ.

ಗಂಡೋಲಾ, ಅಂದರೆ ಬೆಟ್ಟದ ಮೇಲೆ ಕರೆದೊಯ್ಯುವ ಕೇಬಲ್ ಕಾರ್, ಅದರ ವಿಷಯ ಒಂದು ಹೇಳಲೇಬೇಕು. ಮೊದಲ ಸಲ ನಮ್ಮ ಟ್ರಾವೆಲ್ಸ್‌ನವರು, 'ಟಿಕೆಟ್ ಅಲ್ಲೇ ಮಾಡಿಸಿಕೊಡ್ತೀವಿ' ಅಂದಿದ್ದರು. ಅಲ್ಲಿ ಹೋದರೆ ಟಿಕೆಟ್ ಇರಲಿಲ್ಲ. ಟಿಕೆಟ್ ಕೊಡುವುದು ಆನ್‌ಲೈನ್‌ನಲ್ಲಿ, ಹೊತ್ತು ಗೊತ್ತು ಮಾಡಿ. ಸೀಸನ್‌ನಲ್ಲಿ ಬೇಗ ಖಾಲಿ ಆಗುತ್ತದೆ. ಮಕ್ಕಳು ಕೆಳಗೆ ನಿಂತು ಹೋಗಿ ಬರುವ ಡಬ್ಬಿಗಳನ್ನು ನೋಡುತ್ತಿದ್ದರು. ನನಗೆ ಅಳುವೇ ಬಂದಿತ್ತು. ಆದ್ದರಿಂದ ರೂಮು, ವಿಮಾನ ಬುಕ್ ಮಾಡಿದ ಮೇಲೆ ಗಂಡೋಲಾವನ್ನು ಯಾರಿಗೂ ಬಿಡಬೇಡಿ. ನೀವೇ ಕೂತು ಮಾಡಿ. ದಿನದ ಮೊದಲ ಸ್ಲಾಟ್ ತಗೊಳ್ಳಿ. ಟಿಕೆಟ್ ಪ್ರಿಂಟ್ ಹಾಕಿಸಿಕೊಳ್ಳಿ, ಯಾಕೆಂದರೆ ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.

ನಿಟ್ಟುವಳ್ಳಿಯಿಂದ

ಮೇಲಿನ ಸರ್ ಹೇಳಿದ್ದು ಸರಿ. ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಜನ ಕಡಿಮೆ ಅಂತ ತೀರಾ ಮುಂಚೆ ಹೋಗಬೇಡಿ, ಹಿಮವೇ ಇರದಿದ್ದರೆ ಅಷ್ಟು ದೂರ ಹೋಗಿ ಏನು ಮಾಡುವುದು? ನಮಗೆ ಅದೇ ಆಯಿತು. 2024ರ ಜನವರಿ ಎರಡನೇ ವಾರ ಹೋಗಿದ್ದೆವು. ಆ ವರ್ಷ ಗುಲ್ಮಾರ್ಗ್ ಒಣಗಿ ನಿಂತಿತ್ತು, ಎಲ್ಲೆಲ್ಲೂ ಕಂದು ಹುಲ್ಲು. ಹೋಟೆಲ್ ಹುಡುಗರು ದಿನಾ ಆಕಾಶ ನೋಡುತ್ತಿದ್ದರು. ನಾವು ವಾಪಸ್ ಬಂದ ಮೇಲೆ, ತಿಂಗಳ ಕೊನೆಗೆ ಹಿಮ ಬಿತ್ತು.

ಅಲ್ಲಿಯವರು ಚಳಿಯನ್ನು ಮೂರು ಭಾಗ ಮಾಡುತ್ತಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್. ಆಮೇಲೆ 20 ದಿನ ಚಿಲ್ಲೈ ಖುರ್ದ್, 10 ದಿನ ಚಿಲ್ಲೈ ಬಚ್ಚಾ. ಮೊದಲ 40 ದಿನ ಕಡು ಚಳಿ. ಅದು ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಹಿಮ ಚೆನ್ನಾಗಿ ಕೂತಿರುತ್ತದೆ. ಫೆಬ್ರವರಿ ಮೊದಲ ಹದಿನೈದು ದಿನ ಅಂತ ನಾನು ಹೇಳುವುದು ಅದಕ್ಕೇ. ಹೊಸ ವರ್ಷದ ಗಲಾಟೆ ಮುಗಿದಿರುತ್ತದೆ. ಉತ್ತರದ ಶಾಲೆಗಳ ಚಳಿಗಾಲದ ರಜೆ, ಜನವರಿ 26ರ ರಜೆ ಎಲ್ಲ ಕಳೆದಿರುತ್ತದೆ. ದೆಹಲಿಯಲ್ಲಿ ಮಂಜು ಮುಸುಕಿ ವಿಮಾನ ತಡವಾಗುವುದೂ ಕಡಿಮೆ.

ಒಂದು ಎಚ್ಚರಿಕೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಗುಲ್ಮಾರ್ಗ್‌ನಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ. 2024ರಲ್ಲಿ ಫೆಬ್ರವರಿಯಲ್ಲಿ ಆಯಿತು. 2025ರಲ್ಲಿ ಫೆಬ್ರವರಿಗೆ ಇಟ್ಟಿದ್ದನ್ನು ಹಿಮ ಸಾಲದೆ ಮಾರ್ಚ್‌ಗೆ ಹಾಕಿದರು. ದಿನಾಂಕ ನೋಡಿಕೊಂಡು ಬುಕ್ ಮಾಡಿ.

ಚಿತ್ರದುರ್ಗದಿಂದ

ಅಕ್ಕಾ, ನಾವು ಮನಾಲಿಗೆ ಹೋಗಿದ್ದು. 2025ರ ಪಹಲ್ಗಾಮ್ ದಾಳಿ ಆದ ಮೇಲೆ ಕಾಶ್ಮೀರ ಅಂದರೆ ನಮ್ಮಮ್ಮ ಒಪ್ಪಲೇ ಇಲ್ಲ. ಅವರ ಮನಸ್ಸು ನೋಯಿಸಿ ಹೋಗುವುದು ಬೇಡ ಅನ್ನಿಸಿತು.

ಸೋಲಂಗ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ತಿಂಗಳಿಗಿಂತ ವಾರ ನೋಡಬೇಕು. ದೆಹಲಿ, ಚಂಡೀಗಢದವರು ಶುಕ್ರವಾರ ರಾತ್ರಿ ಬಸ್ಸು, ಕಾರು ಹತ್ತುತ್ತಾರೆ, ಶನಿವಾರ ಬೆಳಿಗ್ಗೆ ಮನಾಲಿಯಲ್ಲಿ ಇಳಿಯುತ್ತಾರೆ. ಭಾನುವಾರ ಸಂಜೆ ವಾಪಸ್. ನಾವು ಗೊತ್ತಿಲ್ಲದೆ ಶನಿವಾರ ತಲುಪಿದೆವು. ಸೋಲಂಗ್‌ಗೆ 13 ಕಿ.ಮೀ. ಅಷ್ಟೇ, ಆ ದಿನ ಮೂರು ಗಂಟೆ ಹಿಡಿಯಿತು. ಸೋಮವಾರ ಅದೇ ದಾರಿಯಲ್ಲಿ ಅರ್ಧ ಗಂಟೆ. ಸೋಮವಾರದಿಂದ ಗುರುವಾರದ ಒಳಗೆ ಸೋಲಂಗ್ ಮುಗಿಸಿ.

ಹಿಮ ಬೀಳುತ್ತಿರುವ ದಿನವೇ ನೋಡಬೇಕು ಅಂತ ಎಲ್ಲರೂ ಓಡುತ್ತಾರೆ. ದಯವಿಟ್ಟು ಅಂಥ ದಿನ ಗಾಡಿ ಹತ್ತಬೇಡಿ. 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಅದರ ಆಚೆಗಿನ ಲಾಹೌಲ್ ಕಣಿವೆ ಕಡೆಗೂ ಚಳಿಗಾಲದಲ್ಲಿ ಜನ ಹೋಗುತ್ತಾರೆ. ಜೋರಾಗಿ ಹಿಮ ಬಿದ್ದರೆ ಸುರಂಗಕ್ಕೂ ಸೋಲಂಗ್‌ಗೂ ನಡುವೆ ಗಾಡಿಗಳು ಜಾರಿ ಸಾಲಾಗಿ ನಿಲ್ಲುತ್ತವೆ. ಹಾಗೆ ಸಿಕ್ಕಿಕೊಂಡು ರಾತ್ರಿ ಕಳೆದ ಮಕ್ಕಳು, ವಯಸ್ಸಾದವರನ್ನು ನಾನು ಕಂಡಿದ್ದೇನೆ. ಹಿಮ ನಿಂತು, ರಸ್ತೆ ತೆರೆದ ಮೇಲೆ ಹೋಗಿ. ಹಿಮ ಎಲ್ಲೂ ಓಡಿ ಹೋಗುವುದಿಲ್ಲ.

ಹರಿಹರದಿಂದ

ಬೇಸಿಗೆ ರಜೆಯಲ್ಲಿ ಹೋಗೋಣ ಅನ್ನುವವರಿಗೆ: ಏಪ್ರಿಲ್ ಮೊದಲ ವಾರ ಗುಲ್ಮಾರ್ಗ್ ಗಂಡೋಲಾದ ಎರಡನೇ ಹಂತದಲ್ಲಿ, ಅಂದರೆ ಬೆಟ್ಟದ ಮೇಲೆ, ನಮಗೆ ಹಿಮ ಸಿಕ್ಕಿತು, ಕೆಳಗೆ ಕೆಸರು. ಶ್ರೀನಗರದಲ್ಲಿ ಟುಲಿಪ್ ತೋಟ ತೆರೆದಿರುವುದೂ ಅದೇ ಹೊತ್ತಿಗೆ, ಹಾಗಾಗಿ ಜನವೂ ಜಾಸ್ತಿ. ಚಿಕ್ಕ ಮಕ್ಕಳಿಗೆ ಸ್ಕೀ ಕಲಿಸೋಕೆ ಅದು ಸಮಯ ಅಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮನೆಯಲ್ಲಿ ಕೂತು ಮಾತಾಡಿದೆವು, ಅತ್ತೆಯೂ ಗುಲ್ಮಾರ್ಗ್‌ಗೇ ಹೋಗೋಣ ಅಂದರು. ಫೆಬ್ರವರಿ ಮೊದಲ ವಾರ, ಶನಿವಾರ ಹೊರಟು ಮುಂದಿನ ಭಾನುವಾರ ವಾಪಸ್. ಶಾಲೆ ಆರು ದಿನ ತಪ್ಪುತ್ತದೆ. ವಾರ್ಷಿಕ ಪರೀಕ್ಷೆ ಮಾರ್ಚ್‌ನಲ್ಲಿ, ಮಗಳು ನೋಟ್ಸ್ ಮುಗಿಸುತ್ತೇನೆ ಅಂತ ಮಾತು ಕೊಟ್ಟಿದ್ದಾಳೆ. ಅತ್ತೆಗೆ ಮಂಡಿ ನೋವಿದೆ. ಅವರನ್ನು ಗಂಡೋಲಾದಲ್ಲಿ ಕರೆದುಕೊಂಡು ಹೋಗಬಹುದಾ?

ಪಿ.ಜೆ. ಬಡಾವಣೆಯಿಂದ

ನಾನು ನಮ್ಮಮ್ಮನನ್ನು ಕರೆದುಕೊಂಡು ಹೋಗಿದ್ದೆ, ಅವರಿಗೂ ಮಂಡಿ ನೋವು. ಮೊದಲ ಹಂತ ಕೊಂಗ್ದೂರಿವರೆಗೆ, ಅಷ್ಟು ಸಾಕು. ಎರಡನೇ ಹಂತ ಅಫರ್ವಟ್ ಬೆಟ್ಟಕ್ಕೆ, ಸುಮಾರು 3,980 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು ಎತ್ತರ. ಅಲ್ಲಿ ಉಸಿರು ಹಿಡಿಯುತ್ತದೆ, ಗಾಳಿಯೂ ಜೋರು. ಗಾಳಿ ಜಾಸ್ತಿಯಾದರೆ ಅದನ್ನು ನಿಲ್ಲಿಸಿಯೂ ಬಿಡುತ್ತಾರೆ. ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ.

ತಲುಪಿದ ದಿನವೇ ಮೇಲೆ ಹೋಗಬೇಡಿ, ಗುಲ್ಮಾರ್ಗೇ 2,650 ಮೀಟರ್ ಎತ್ತರದಲ್ಲಿದೆ. ಒಂದು ರಾತ್ರಿ ಮಲಗಿ ಎದ್ದು, ಮಾರನೇ ದಿನ ಮೊದಲ ಸ್ಲಾಟ್‌ನಲ್ಲಿ ಹೋಗಿ. ಕ್ಯೂ ಉದ್ದ ಇಲ್ಲದಿದ್ದರೆ ಅವರು ನಿಲ್ಲಬೇಕಾಗುವುದೂ ಕಡಿಮೆ. ಗಂಡೋಲಾವರೆಗಿನ ದಾರಿ ಹಿಮದಲ್ಲಿ ಜಾರುತ್ತದೆ, ಅಲ್ಲಿ ಮಾತ್ರ ಕೈ ಹಿಡಿದುಕೊಂಡೇ ನಡೆಸಿ. ನಮ್ಮಮ್ಮ ಕೊಂಗ್ದೂರಿಯಲ್ಲಿ ಇಳಿದು, ಕೈಗವಸು ಬಿಚ್ಚಿ ಬರೀ ಕೈಯಲ್ಲಿ ಹಿಮ ಮುಟ್ಟಿ ನೋಡಿದರು. 'ರವೆ ಹಾಗಿದೆ ಕಣೇ' ಅಂದರು. ಸುತ್ತ ಹತ್ತು ಜನವೂ ಇರಲಿಲ್ಲ.