ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ ಪದ್ಮಿನಿ ಬೆಟ್ಟ ಹತ್ತುತ್ತಿಲ್ಲ

ತೋಟದ_ಪದ್ಮಿನಿ (ಚಿಕ್ಕಮಗಳೂರು): ತಲೆ ಕೆಟ್ಟು ಹೋಗಿದೆ. ಅಪ್ಪನ ಕಾಲದ ಪದ್ಮಿನಿ ಕಾರು, 1984ರದು. ಪ್ರತಿ ಮಳೆಗಾಲ ಪಾಯಿಂಟ್ (ಇಂಜಿನ್ನಿಗೆ ಸ್ಪಾರ್ಕ್ ಕೊಡಿಸುವ ಸ್ವಿಚ್ಚು) ಉಜ್ಜಿ ಉಜ್ಜಿ ಸಾಕಾಗಿ, ಹೋದ ತಿಂಗಳು ಅದರ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದೆ. ಪೇಟೆಯಲ್ಲಿ ಚೆನ್ನಾಗಿ ಓಡುತ್ತದೆ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತಿಸಿದರೆ ಸ್ವಲ್ಪ ಹೊತ್ತಿಗೆ ಟಪ್ ಅಂತ ಆಫ್. ಅರ್ಧ ಗಂಟೆ ಬಾನೆಟ್ ಎತ್ತಿಟ್ಟು ಕೂತರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಭಾನುವಾರ ಹಿಂದೆ ಟೂರಿಸ್ಟ್ ಗಾಡಿಗಳ ಸಾಲು, ಹಾರನ್ ಮೇಲೆ ಹಾರನ್. ಮನೆಯವಳು ಇನ್ನೂ ಮಾತಾಡುತ್ತಿಲ್ಲ. ಸ್ಪಾರ್ಕ್ ಟೈಮಿಂಗ್ ಸರಿ ಇದೆ. ಏನು ಮಾಡಲಿ?

ಘಾಟಿ_ಜೀಪ್: ವೇಪರ್ ಲಾಕ್, ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ನಿಂತುಬಿಡುತ್ತೆ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ. ಚಾರ್ಮಾಡಿ ಹತ್ತುವಾಗ ನಾವೆಲ್ಲ ಅದನ್ನೇ ಮಾಡಿದ್ದು.

ತೋಟದ_ಪದ್ಮಿನಿ: ಸುತ್ತಿದೆ ಸಾರ್. ಬಟ್ಟೆ ಒದ್ದೆ ಇರುವಾಗಲೇ ಆಫ್ ಆಯಿತು.

ಘಾಟಿ_ಜೀಪ್: ಬಟ್ಟೆ ಸಾಲದು. ಗೋಣಿಚೀಲ ಸುತ್ತಿ.

ಹಾಸನದ_ಮೀಟರ್: ಗೋಣಿ ಬಿಡಿ ಸ್ವಾಮಿ. ಆಫ್ ಆದ ತಕ್ಷಣ ಸ್ಪಾರ್ಕ್ ನೋಡಿದಿರಾ? ವೈರಿಗೆ ಬೇರೆ ಪ್ಲಗ್ ಸಿಕ್ಕಿಸಿ, ಇಂಜಿನ್ ಬಾಡಿಗೆ ತಾಗಿಸಿ ಸೆಲ್ಫ್ ಹೊಡೆಸಿ.

ಪಾಯಿಂಟ್_ಪ್ರೇಮಿ: ಇದಕ್ಕೇ ಪಾಯಿಂಟೇ ವಾಸಿ ಅನ್ನೋದು. ದಾರಿಯಲ್ಲಿ ಕೈಕೊಟ್ಟರೆ ಒಂದು ಚೂರು ಉಪ್ಪುಕಾಗದ ಸಾಕು. ಕಿಟ್ಟಿನ ಮಾಡ್ಯೂಲ್ ಹೋದರೆ ರಾತ್ರಿ ಎಲ್ಲಿ ಹುಡುಕುತ್ತೀರಿ?

ಘಾಟಿ_ಜೀಪ್: ನನ್ನ ಜೀಪಿಗೆ ಆಲ್ಟರ್ನೇಟರ್ ಹಾಕಿಸಿ, ಮುಂದೆ ನಾಲ್ಕು ಹ್ಯಾಲೋಜನ್ ಕೂರಿಸಿದ್ದೇನೆ. ಕೊಟ್ಟಿಗೆಹಾರದ ಮಂಜಲ್ಲಿ ಹಗಲು ಇದ್ದ ಹಾಗೆ. ಫೋಟೋ ಹಾಕಲಾ?

ತೋಟದ_ಪದ್ಮಿನಿ: ಸ್ಪಾರ್ಕ್ ಇಲ್ಲ! ಸ್ಪಾರ್ಕಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಮುಟ್ಟಿದರೆ ಬೆರಳು ಸುಟ್ಟಿತು. ಇನ್ನೊಂದು ಒದ್ದೆ ಬಟ್ಟೆ ಅದರ ಮೇಲಿಟ್ಟೆ, ಹಬೆ ಎದ್ದಿತು. ಆದರೆ ಹೊಸ ಕಾಯಿಲ್ ಸಾರ್, ಹಾಳಾಗಿರಲಿಕ್ಕಿಲ್ಲ.

ಹಾಸನದ_ಮೀಟರ್: ಹೊಸ ಕಾಯಿಲಾ? ಅದನ್ನ ಮೊದಲೇ ಹೇಳೋದಲ್ವಾ! ತಣ್ಣಗಾದ ಮೇಲೆ ವೈರ್ ಬಿಚ್ಚಿ, ಪ್ಲಸ್ಸು ಮೈನಸ್ಸಿನ ನಡುವೆ ಓಮ್ ನೋಡಿ.

ತೋಟದ_ಪದ್ಮಿನಿ: 1.5. ಸ್ಪಾರ್ಕ್ ಜಾಸ್ತಿ ಬರುತ್ತೆ ಅಂತ ಅಂಗಡಿಯವರು ಕಿಟ್ ಜೊತೆ ಕೊಟ್ಟರು.

ಹಾಸನದ_ಮೀಟರ್: ಅದು ಬ್ಯಾಲಾಸ್ಟ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ರೋಧಕ) ಜೊತೆ ಹಾಕುವ ಕಾಯಿಲ್. ನೇರ 12 ವೋಲ್ಟ್ ಕೊಟ್ಟರೆ 8 ಆಂಪಿಯರ್‌ವರೆಗೂ ಎಳೆಯುತ್ತದೆ. 3 ಓಮಿನದಾದರೆ 4. ಆ ಕರೆಂಟೆಲ್ಲ ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಪುಟ್ಟ ಮಾಡ್ಯೂಲ್ ಮೂಲಕವೇ ಹೋಗಬೇಕು. ಪೇಟೆಯ ಐದು ನಿಮಿಷದ ಓಡಾಟಕ್ಕೆ ಅಷ್ಟು ಬಿಸಿಯಾಗುವುದಿಲ್ಲ, ಬೆಟ್ಟದಲ್ಲಿ ಬಿಸಿಯಾಗಿ ಸ್ಪಾರ್ಕ್ ನಿಲ್ಲುತ್ತದೆ. ಕಿಟ್ಟಿನ ಹಾಳೆಯಲ್ಲಿ ಎಷ್ಟು ಓಮ್ ಅಂತಿದೆ ನೋಡಿ. ಅಂದ ಹಾಗೆ, ಗಾಡಿ ನಿಲ್ಲಿಸಿ ಕೀ ಆನ್ ಇಟ್ಟು ರೇಡಿಯೋ ಕೇಳುತ್ತೀರಾ?

ತೋಟದ_ಪದ್ಮಿನಿ: ಹೂಂ. ಬೆಟ್ಟದ ಮೇಲೆ.

ಹಾಸನದ_ಮೀಟರ್: ಕೇಳಬೇಡಿ.

ಪಾಯಿಂಟ್_ಪ್ರೇಮಿ: ಪಾಯಿಂಟ್ ಇದ್ದಿದ್ದರೆ ಕೇಳಬಹುದಿತ್ತು.

ಹಾಸನದ_ಮೀಟರ್: ಕೀ ಆನ್ ಇದ್ದು ಪಾಯಿಂಟ್ ಮುಚ್ಚಿಕೊಂಡು ನಿಂತಿದ್ದರೆ, ಇಂಜಿನ್ ಓಡದಿದ್ದರೂ ಕರೆಂಟ್ ಹರಿದು ಆಗಲೂ ಕಾಯಿಲ್ ಸುಡುತ್ತೆ. ಸುಮ್ನಿರಿ.

ತೋಟದ_ಪದ್ಮಿನಿ: ಹಾಳೆಯಲ್ಲಿ 3 ಓಮ್ ಅಂತಲೇ ಇದೆ, ನಾನು ಓದಿರಲಿಲ್ಲ. ಪುಣ್ಯಕ್ಕೆ ಹಳೇ ಕಾಯಿಲನ್ನು ಗುಜರಿಗೆ ಹಾಕಿರಲಿಲ್ಲ. ಕಾಫಿ ಮೂಟೆಗಳ ಹಿಂದೆ ಸಿಕ್ಕಿತು, 3.1 ತೋರಿಸುತ್ತಿದೆ. ಅದನ್ನೇ ಹಾಕಿ ನಿನ್ನೆ ಸೀತಾಳಯ್ಯನಗಿರಿವರೆಗೆ ಹೋಗಿ ಬಂದೆ. ಎಲ್ಲೂ ನಿಲ್ಲಲಿಲ್ಲ. ಕಾಯಿಲ್ ಬಿಸಿ ಇದೆ, ಆದರೆ ಬೆರಳು ಇಡಬಹುದು.

ಘಾಟಿ_ಜೀಪ್: ಪಂಪಿನ ಬಟ್ಟೆ ಇತ್ತಾ?

ತೋಟದ_ಪದ್ಮಿನಿ: ಇತ್ತು ಸಾರ್, ಬಿಚ್ಚೋಕೆ ಮರೆತೆ.

ಘಾಟಿ_ಜೀಪ್: ಅದೇ ಮತ್ತೆ. ನಾನು ಹೇಳಲಿಲ್ವಾ?